ಉರುಳುವ ಮನೆಯ ಕೊಂಡಿ

ಹುನಗುಂದ ತಾಲೂಕಿನ ರಾಮಥಾಳವು ಹನಿ ನೀರಾವರಿ ಯೋಜನೆಯ ಕಾರಣದಿಂದ ಹೊರಗಿನವರಿಗೂ ಪರಿಚಿತವಾದ ಊರು. ಕಳೆದ ಚಳಿಗಾಲದಲ್ಲಿ ಅಲ್ಲಿನ ಭಕ್ತರೊಬ್ಬರ ಮನೆಯ ಲಿಂಗದೀಕ್ಷಾ ಸಮಾರಂಭಕ್ಕೆ ನಾವು ಹೋಗಿದ್ದೆವು. ಪ್ರಸಾದವಾದ ಬಳಿಕ ಪಡಸಾಲೆಯಲ್ಲಿ ಬಿರುಸಿನ ಚರ್ಚೆಯೊಂದು ನಡೆಯಿತು. ಯುಗಾದಿಯ ಶ್ರೀಶೈಲ ಪಾದಯಾತ್ರೆಗೆ ಆ ಮನೆಯವರು ವರ್ಷವೂ ಹೋಗುತ್ತಾರೆ. ನಡೆಯುವವರ ಬುತ್ತಿ, ಹಾಸಿಗೆ, ನೀರುಗಳನ್ನು ಹೊತ್ತು ಟ್ರ್ಯಾಕ್ಟರಿನ ಹಿಂದೆ ಒಂದು ಟ್ರೇಲರು ಸಾಗುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಗೂ ಅದೇ. ಇಷ್ಟು ವರ್ಷ ಕಬ್ಬು, ಗೊಬ್ಬರ ಹೊತ್ತ ಟ್ರೇಲರನ್ನೇ ತೊಳೆದು ಒಯ್ಯುತ್ತಿದ್ದರು. ಈಗ ಯಾತ್ರೆಗೆಂದೇ ಬೇರೊಂದು ಚಿಕ್ಕ ಟ್ರೇಲರು ಬೇಕು, ಮೇಲೆ ಕಮಾನು, ಒಳಗೆ ಮಲಗುವ ಹಲಗೆ, ಹಿಂದೆ ಅಡುಗೆಯ ಗೂಡು ಇರಬೇಕು ಎಂಬುದು ಮಕ್ಕಳ ಹಟ.

ಅವರ ಮುಂದೆ ಮೂರು ಆಯ್ಕೆಗಳಿದ್ದವು. ಒಂದು, ಕನ್ನಡಿಯಂತೆ ಹೊಳೆಯುವ ಬಣ್ಣ ಬಳಿದು, ಸುತ್ತಲೂ ದೀಪದ ಸರ ಬಿಗಿದದ್ದು. ಇನ್ನೊಂದು, ಹಳೆಯ ಅಚ್ಚು, ಹಳೆಯ ಟಾಯರುಗಳ ಮೇಲೆ ಹೊಸ ತಗಡು ಹೊಡೆದದ್ದು. ಬೆಲೆ ಮೊದಲನೆಯದರ ಅರ್ಧಕ್ಕಿಂತಲೂ ಕಡಿಮೆ. ಮೂರನೆಯದು ಇನ್ನೂ ಆಗಿಲ್ಲ, ಹೇಳಿ ಮಾಡಿಸಬೇಕಾದದ್ದು; ಹತ್ತು ಅಡಿ ಉದ್ದ, ಆರು ಅಡಿ ಅಗಲ, ನೋಡಲು ಸಪ್ಪೆ, ಬೆಲೆ ಮಾತ್ರ ಮೊದಲನೆಯದರ ಸಮೀಪ. ಕಿರಿಯ ಮಗನು ತನ್ನ ಫೋನಿನಲ್ಲಿ ವಿದೇಶಗಳ ಪುಟ್ಟ ಪ್ರವಾಸಿ ಟ್ರೇಲರುಗಳ ಚಿತ್ರಗಳನ್ನು ತೋರಿಸಿ, "ಗುರುಗಳ, ನೀವ ಹೇಳ್ರಿ, ಯಾವುದು ತಗೊಳ್ಳೂಣು?" ಎಂದು ಕೇಳಿದನು.

ಇಂಥ ಪ್ರಶ್ನೆಗೆ ಉತ್ತರಿಸಲು ನಾವು ಹಿಂಜರಿಯುತ್ತೇವೆ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇವೆ.

ಉರುಳುವ ಮನೆಯ ಆಸೆ ಹೊಸದಲ್ಲ. ಸ್ಕಾಟ್ಲೆಂಡ್ ಮೂಲದ ವೈದ್ಯ ಹಾಗೂ ಲೇಖಕ ಗಾರ್ಡನ್ ಸ್ಟೇಬಲ್ಸ್ ಎಂಬವರು 1885ರಲ್ಲಿ ಬ್ರಿಸ್ಟಲ್ ನಗರದ ಕಾರ್ಖಾನೆಯಲ್ಲಿ 'ವಾಂಡರರ್' ಎಂಬ ಗಾಡಿಯನ್ನು ವಿಹಾರಕ್ಕಾಗಿಯೇ ಮಾಡಿಸಿ, ಎರಡು ಕುದುರೆ ಹೂಡಿ ದೇಶ ತಿರುಗಿದರು. ಅಮೆರಿಕದಲ್ಲಿ 1936ರಲ್ಲಿ ಬಂದ 'ಏರ್‌ಸ್ಟ್ರೀಮ್ ಕ್ಲಿಪ್ಪರ್' ಎಂಬ ಅಲ್ಯುಮಿನಿಯಂ ಟ್ರೇಲರಿನಲ್ಲಿ ನಾಲ್ವರು ಮಲಗಬಹುದಿತ್ತು. ಬೆಲೆ 1,200 ಡಾಲರು. ನಮ್ಮ ರಾಜ್ಯದ 2020-26ರ ಪ್ರವಾಸೋದ್ಯಮ ನೀತಿಯಲ್ಲಿಯೂ ಕಾರವಾನ್ ಪ್ರವಾಸಕ್ಕೆ ಸ್ಥಾನ ದೊರೆತಿತ್ತು. ಆದರೆ ಸವಾರಿ ಬಂಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಕಿ, ಬನಶಂಕರಿಯ ಬಯಲಿನಲ್ಲಿ ದಿನಗಟ್ಟಲೆ ಬಿಡಾರ ಹೂಡುತ್ತಿದ್ದ ನಮ್ಮ ಹಿರಿಯರು ಇವರಾರನ್ನೂ ಕೇಳಿ ಕಲಿತವರಲ್ಲ.

ಆ ಹಿರಿಯರು ಬಂಡಿ ಕೊಳ್ಳುವಾಗ ಏನನ್ನು ನೋಡುತ್ತಿದ್ದರು? ಮೊದಲು ಅಚ್ಚು, ಆಮೇಲೆ ಗಾಲಿ, ಆಮೇಲೆ ಕಡೆಗೀಲು. ಗಾಲಿಯು ಅಚ್ಚಿನಿಂದ ಕಳಚಿ ಹೋಗದಂತೆ ತಡೆಯುವ ಗೇಣುದ್ದಕ್ಕಿಂತ ಚಿಕ್ಕದಾದ ಕಬ್ಬಿಣ ಅದು. ಶರಣರು ಸಹ ಅದನ್ನು ಮರೆಯಲಿಲ್ಲ. ವಚನಗಳಲ್ಲಿ ಕಡೆಗೀಲಿನ ಹೆಸರು ಬರುತ್ತದೆ. ಕಮಾನಿನ ಚೆಲುವನ್ನು ನೋಡುವುದು ಎಲ್ಲಕ್ಕೂ ಕೊನೆಗೆ.

ಈಗ ನಮ್ಮ ಹಿಂಜರಿಕೆಯ ಕಾರಣ. ಇಪ್ಪತ್ತು ವರ್ಷಗಳಿಗೂ ಹಿಂದೆ ಇನ್ನೊಂದು ಊರಿನ ಭಕ್ತರು ಇದೇ ಪ್ರಶ್ನೆಯನ್ನು ಕೇಳಿದ್ದರು. ಆಗ ನಾವು ಚೆಲುವಿನ ಗಾಡಿಯನ್ನು ಆಡಂಬರವೆಂದು ಜರಿದು, ಎಲ್ಲಕ್ಕಿಂತ ಅಗ್ಗವಾದುದನ್ನು ಕೊಳ್ಳಲು ಹೇಳಿದೆವು. ಸರಳ ಜೀವನವನ್ನು ಕುರಿತು ಒಂದು ಚಿಕ್ಕ ಉಪದೇಶವನ್ನೂ ಮಾಡಿದೆವು. ಆ ಟ್ರೇಲರಿನ ಕೊಂಡಿಗೆ ಹಾಕಿದ್ದುದು ಸರಿಯಾದ ಪಿನ್ನಲ್ಲ, ಕತ್ತರಿಸಿದ ಸಲಾಕೆಯ ತುಂಡು. ಅದು ಮೇಲಕ್ಕೆ ನೆಗೆಯದಂತೆ ಹಿಡಿಯುವ ಚಿಕ್ಕ ಕೀಲು ಇರಲಿಲ್ಲ. ಕಳಚಿದರೆ ಹಿಡಿದುಕೊಳ್ಳುವ ಸರಪಳಿಯೂ ಇರಲಿಲ್ಲ. ಇಳಿಜಾರಿನಲ್ಲಿ ಅದು ಕಳಚಿ ರಸ್ತೆಯ ಬದಿಗೆ ಉರುಳಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಆದರೆ ಒಳಗೆ ಕುಳಿತಿದ್ದ ವೃದ್ಧ ತಾಯಿಯ ಎಡಗೈ ಮುರಿಯಿತು. ಮೂರು ತಿಂಗಳು ಆ ತಾಯಿ ಇಷ್ಟಲಿಂಗವನ್ನು ಸೊಸೆಯ ಅಂಗೈಯಲ್ಲಿರಿಸಿ ಪೂಜಿಸಿದರು. ನಮ್ಮನ್ನು ಅವರು ಒಂದು ಮಾತೂ ಅನ್ನಲಿಲ್ಲ. ಸರಳತೆ ಬೇರೆ, ಅಗ್ಗತನ ಬೇರೆ ಎಂಬುದನ್ನು ಮಠದಲ್ಲಿ ಅಷ್ಟು ವರ್ಷ ಓದಿದ ನಾವು ಆ ಅಂಗೈಯನ್ನು ಕಂಡು ಕಲಿಯಬೇಕಾಯಿತು.

ಆದ್ದರಿಂದ ರಾಮಥಾಳದಲ್ಲಿ ಯಾವುದನ್ನೂ ಹೊಗಳದೆ, "ಮೊದಲು ನೋಡೋಣ ನಡೆಯಿರಿ" ಎಂದೆವು.

ಬಣ್ಣದ ಗಾಡಿಯ ಕೆಳಗೆ ಬಗ್ಗಿ ನೋಡಿದಾಗ ಬೆಸುಗೆಯು ಅಲ್ಲಲ್ಲಿ ಮಾತ್ರ ತಾಗಿತ್ತು. ಉಳಿದ ಸಂದನ್ನು ಬಣ್ಣವೇ ಮುಚ್ಚಿತ್ತು. ಅಡುಗೆಯ ಗೂಡು, ಐನೂರು ಲೀಟರಿನ ನೀರಿನ ತೊಟ್ಟಿ ಎರಡೂ ಹಿಂತುದಿಯಲ್ಲಿದ್ದವು. ಲೀಟರು ನೀರೆಂದರೆ ಒಂದು ಕಿಲೋ. ಅಂದರೆ ಐದು ಕ್ವಿಂಟಲ್ ತೂಕ ಗಾಲಿಗಳ ಹಿಂದೆ ತೂಗುತ್ತದೆ. ಚಕ್ಕಡಿ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಎರಡು ಗಾಲಿಯ ಟ್ರೇಲರಿಗೂ ಇದೇ ಧರ್ಮ. ಹಿಂಭಾರವಾದ ಟ್ರೇಲರು ವೇಗದಲ್ಲಿ ಹಾವಿನಂತೆ ಅತ್ತಿತ್ತ ಹೊಯ್ದಾಡುತ್ತದೆ. ಅಮೆರಿಕದ ಪ್ರವಾಸಿ ಟ್ರೇಲರುಗಳಲ್ಲಿ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ಹೇರಬೇಕೆಂಬ ರೂಢಿಯಿದೆ. ನೀರಿನ ತೊಟ್ಟಿ ಅಚ್ಚಿನ ಮೇಲೆಯೇ ಇರಬೇಕು, ಒಂದೋ ತುಂಬಿರಬೇಕು ಇಲ್ಲವೇ ಬರಿದಾಗಿರಬೇಕು. ಅರೆತುಂಬಿದ ನೀರು ತಿರುವಿನಲ್ಲಿ ತೂಕವನ್ನು ಒಂದೇ ಬದಿಗೆ ಎಸೆಯುತ್ತದೆ. ಅಗ್ಗದ ಗಾಡಿಯ ಬಗೆಗೆ ಹೆಚ್ಚು ಹೇಳುವುದು ಬೇಡ. ಅದರ ಟಾಯರಿನ ಪಕ್ಕೆಯ ಬಿರುಕಿನಲ್ಲಿ ನಮ್ಮ ಉಗುರು ಇಳಿಯಿತು.

ಇಷ್ಟರಲ್ಲಿ ಮನೆಯ ಅಜ್ಜಿ ಬಂದು, "ಗಂಡಸರು ಅದರ ಹೊಟ್ಟ್ಯಾಗ ಏನ್ ಹುಡುಕಾಕ ಹತ್ತೀರಿ?" ಎಂದು ನಕ್ಕರು. ಅವರು ಉಟ್ಟಿದ್ದುದು ಇಳಕಲ್ಲ ಸೀರೆ. ನಮಗೆ ಉತ್ತರ ಅಲ್ಲಿಯೇ ದೊರೆಯಿತು. ಇಳಕಲ್ಲ ಸೀರೆಯ ಒಡಲಿನ ಹಾಸು ಹತ್ತಿಯದಾದರೂ ಸೆರಗಿನ ಹಾಸು ರೇಷ್ಮೆಯದು. ಆ ಎರಡು ಹಾಸುಗಳನ್ನು ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ನೇಕಾರರು ಇಟ್ಟ ಹೆಸರು ಕೊಂಡಿ! ಅಂಗಡಿಯಲ್ಲಿ ಎಲ್ಲರೂ ಸೆರಗು ಬಿಡಿಸಿ ನೋಡುತ್ತಾರೆ. ಅಜ್ಜಿಯಂಥವರು ಮಾತ್ರ ಕೊಂಡಿಯ ಮೇಲೆ ಬೆರಳಾಡಿಸಿ ಬೆಲೆ ಕಟ್ಟುತ್ತಾರೆ. "ತಾಯಿ, ನೀವು ಸೀರೆಯಲ್ಲಿ ನೋಡುವುದನ್ನೇ ನಾವು ಇಲ್ಲಿ ನೋಡುತ್ತಿದ್ದೇವೆ" ಎಂದೆವು.

ಮೂರನೆಯದನ್ನೇ ಮಾಡಿಸುವುದೆಂದಾಯಿತು. ಹೊಸ ಅಚ್ಚು, ಹೊಸ ಟಾಯರು, ಪೂರ್ಣ ಬೆಸುಗೆ, ಚಿಕ್ಕ ಕೀಲಿನ ಸಮೇತ ಪಿನ್ನು, ಸರಪಳಿ, ಹಿಂಬದಿಗೆ ರಾತ್ರಿ ಹೊಳೆಯುವ ಕೆಂಪು ಪಟ್ಟಿ. ಬೆಸುಗೆಯನ್ನು ತೋರಿಸಿದ ಮೇಲೆಯೇ ಬಣ್ಣ ಬಳಿಯಬೇಕೆಂಬ ಕರಾರನ್ನು ಹಿರಿಯ ಮಗನು ಬರೆಸಿಕೊಂಡನು. ದೀಪದ ಸರ, ದೊಡ್ಡ ಧ್ವನಿಪೆಟ್ಟಿಗೆಗಳ ಹಣ ಅಚ್ಚಿಗೆ ಹೋಯಿತೆಂದು ಕಿರಿಯನು ತುಸು ಮುನಿದನು.

ಇನ್ನೊಂದು ಮಾತನ್ನು ಮಾತ್ರ ನಾವು ಬಿಗಿಯಾಗಿಯೇ ಹೇಳಿದೆವು. ಎಷ್ಟು ಗಟ್ಟಿಯಾಗಿದ್ದರೂ ಅದು ಸಾಮಾನಿನ ಗಾಡಿ. ಕಾನೂನಿನ ದೃಷ್ಟಿಯಲ್ಲಿ ಕೃಷಿ ಟ್ರೇಲರು ಇರುವುದು ಕೃಷಿಯ ಸರಕು ಸಾಗಿಸಲು, ಜನರನ್ನಲ್ಲ. ಅವಘಡವಾದರೆ ವಿಮೆಯವರು ಮೊದಲು ಕೇಳುವುದೂ ಅದನ್ನೇ. ಯಾತ್ರೆಗೆ ಅದನ್ನು ಎಳೆಯುವುದಕ್ಕೂ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ. ನಿಂತಾಗ ಅದರೊಳಗೆ ಮಲಗಿರಿ, ಅಡುಗೆ ಮಾಡಿರಿ; ಚಲಿಸುವಾಗ ಒಳಗೆ ಮಕ್ಕಳಿರಬಾರದು, ಮುದುಕರಿರಬಾರದು. ಬನಶಂಕರಿಗೆ ಹೋಗುವ ಹೆಣ್ಣುಮಕ್ಕಳಿಗೆ 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ.

ಅಜ್ಜಿ ಇದಕ್ಕೆ ಒಪ್ಪಲು ತುಸು ಹೊತ್ತು ಹಿಡಿಯಿತು. ಕಮಾನಿನ ಗಾಡಿಯಲ್ಲಿ ಕುಳಿತು ಜಾತ್ರೆಗೆ ಹೋಗುವ ಆಸೆ ಅವರಿಗೂ ಇತ್ತೆಂದು ನಮಗೆ ಆಗ ತಿಳಿಯಿತು. ಕೊನೆಗೆ, "ಆತು, ಬಸ್ಸಿಗೇ ಬರತೀನಿ. ಆದ್ರ ಗಾಡೀ ಬಣ್ಣ ಯಾವುದಂತ ನಾ ಹೇಳತೀನಿ" ಎಂದರು. ಸೆರಗಿನ ಕೆಂಪನ್ನೇ ಹೇಳಿದರು. ಕಿರಿಯ ಮಗನ ಮುನಿಸು ಅಷ್ಟಕ್ಕೇ ಇಳಿಯಿತು.