ನೆರೆಯೂರಿನ ಅಭ್ಯರ್ಥಿಗೆ ನೆರೆಯವರ ಮತ ಖಚಿತವೇ?

ಚುನಾವಣೆ ಸಮೀಪಿಸಿದಾಗಲೆಲ್ಲ ಪುತ್ತೂರು, ಸುಳ್ಯ, ಕಡಬಗಳ ಮನೆಜಗಲಿಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ, "ಅಭ್ಯರ್ಥಿ ಯಾವ ಊರಿನವರು?" ಎಂಬುದು. ಪಕ್ಕದೂರಿನವರಾದರೆ ನಮ್ಮವರೆಂಬ ಭಾವನೆ ಮೂಡುವುದು ಸಹಜ. ಆದರೆ ಈ ಸಾಮೀಪ್ಯವು ನಿಜಕ್ಕೂ ಮತವಾಗಿ ಪರಿಣಮಿಸುವುದೇ?

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡಲು ಅವಕಾಶವಿದೆ. ಅಲ್ಲಿ ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಪ್ರಾಥಮಿಕ ಚುನಾವಣೆಗಳಲ್ಲಿ ಮತದಾರರೇ ಸೂಚಿಸುತ್ತಾರೆ. ನ್ಯೂ ಹ್ಯಾಂಪ್‌ಶೈರ್ ಎಂಬ ಚಿಕ್ಕ ರಾಜ್ಯದಲ್ಲಿ ನೆರೆಯ ಮ್ಯಾಸಚೂಸೆಟ್ಸ್‌ನ ಡುಕಾಕಿಸ್ 1988ರಲ್ಲಿ, ಸಾಂಗಸ್ 1992ರಲ್ಲಿ, ಕೆರಿ 2004ರಲ್ಲಿ, ರಾಮ್ನಿ 2012ರಲ್ಲಿ ಗೆದ್ದರು. ಇನ್ನೊಂದು ನೆರೆರಾಜ್ಯವಾದ ವರ್ಮಾಂಟ್‌ನ ಸ್ಯಾಂಡರ್ಸ್ 2016 ಮತ್ತು 2020ರಲ್ಲಿ ಗೆದ್ದರು. ಬಾಸ್ಟನ್ನಿನ ದೂರದರ್ಶನ ವಾರ್ತೆಗಳು ಗಡಿಯಾಚೆಗೂ ತಲುಪುವುದರಿಂದ ಇವರ ಮುಖಗಳು ಅಲ್ಲಿಯವರಿಗೆ ಮೊದಲೇ ಪರಿಚಿತ. ಆದರೆ ಇದೇ ರಾಮ್ನಿ 2008ರಲ್ಲಿ ದೂರದ ಅರಿಜೋನದ ಮೆಕೇನ್ ಎದುರು ಸೋತರು. ಮ್ಯಾಸಚೂಸೆಟ್ಸ್‌ನ ಎಲಿಜಬೆತ್ ವಾರನ್ 2020ರಲ್ಲಿ ನಾಲ್ಕನೆಯ ಸ್ಥಾನಕ್ಕಿಳಿದರು. ಸಾಮೀಪ್ಯವು ಬಾಗಿಲನ್ನು ತೆರೆಸುತ್ತದೆ; ಒಳಗೆ ಕುಳ್ಳಿರಿಸುವುದು ಬೇರೆಯೇ ವಿಚಾರ.

ನಮ್ಮಲ್ಲಿಯೂ ಇದಕ್ಕೆ ಉದಾಹರಣೆಗಳಿವೆ. ಸುಳ್ಯ ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾದುದರಿಂದ ಇಲ್ಲಿನ ಇತರ ನಾಯಕರು ನೆರೆಕ್ಷೇತ್ರಗಳನ್ನು ಅರಸುವುದು ಅನಿವಾರ್ಯ. ಸುಳ್ಯದ ಡಿ.ವಿ. ಸದಾನಂದ ಗೌಡರು 1994 ಮತ್ತು 1999ರಲ್ಲಿ ಪುತ್ತೂರಿನಿಂದ, 2004ರಲ್ಲಿ ಮಂಗಳೂರಿನಿಂದ, 2009ರಲ್ಲಿ ಉಡುಪಿ-ಚಿಕ್ಕಮಗಳೂರಿನಿಂದ ಆರಿಸಿಬಂದರು. ಈಗ ಕಡಬ ತಾಲೂಕಿನಲ್ಲಿರುವ ಚಾರ್ವಾಕದ ಶೋಭಾ ಕರಂದ್ಲಾಜೆಯವರು ಅದೇ ಉಡುಪಿ-ಚಿಕ್ಕಮಗಳೂರಿನಲ್ಲಿ 2014 ಮತ್ತು 2019ರಲ್ಲಿ ಜಯ ಗಳಿಸಿದರು.

ಹಾಗಾದರೆ ಇದು ನೆರೆಯವರೆಂಬ ಒಲವೇ? ಸದಾನಂದ ಗೌಡರು ಮುಖ್ಯಮಂತ್ರಿಯಾದ ಬಳಿಕ ತೆರವಾದ ಆ ಸ್ಥಾನಕ್ಕೆ 2012ರಲ್ಲಿ ಉಪಚುನಾವಣೆ ನಡೆದಾಗ, ಕ್ಷೇತ್ರದೊಳಗಿನವರೇ ಆದ ಕಾರ್ಕಳದ ಸುನಿಲ್ ಕುಮಾರ್ ಅವರು ಅದೇ ಪಕ್ಷದಿಂದ ನಿಂತು ಜಯಪ್ರಕಾಶ್ ಹೆಗ್ಡೆಯವರೆದುರು ಸೋತರು. 2024ರಲ್ಲಿ ಶೋಭಾ ಅವರ ವಿರುದ್ಧ ಸ್ವಪಕ್ಷದೊಳಗಿಂದಲೇ "ಹಿಂದಿರುಗಿ" ಎಂಬ ಕೂಗೆದ್ದಿತು. ಪಕ್ಷವು ಅವರನ್ನು ಬೆಂಗಳೂರು ಉತ್ತರಕ್ಕೆ ಕಳುಹಿಸಿತು. ದೂರದ ಆ ನಗರದಲ್ಲಿ ಅವರು 2 ಲಕ್ಷ 59 ಸಾವಿರಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. ಪಕ್ಷದ ಅಲೆ ಮತ್ತು ಕಾಲದ ಗಾಳಿ ಊರಿನ ಹೆಸರಿಗಿಂತ ಬಲವಾದವು ಎಂಬುದನ್ನು ಅಲ್ಲಗಳೆಯಲಾಗದು.

ನಮ್ಮ ಸಮುದಾಯದ ಹಿರಿಯರು ಜಾರ್ಜ್ ಫೆರ್ನಾಂಡಿಸರನ್ನು ಮರೆತಿರಲಾರರು. ಮಂಗಳೂರಿನಲ್ಲಿ ಹುಟ್ಟಿದ ಅವರನ್ನು 1977ರಲ್ಲಿ ಸೆರೆಮನೆಯಲ್ಲಿದ್ದಾಗಲೇ ಗೆಲ್ಲಿಸಿದ್ದು ಬಿಹಾರದ ಮುಜಫರಪುರ. 1984ರಲ್ಲಿ ತಾಯ್ನಾಡಿನದೇ ಬೆಂಗಳೂರು ಉತ್ತರ ಅವರನ್ನು ಸೋಲಿಸಿತು.

ಇಲ್ಲಿ ಗಮನಿಸಬೇಕಾದ ಮುಖ್ಯ ವಿಚಾರ ಇನ್ನೊಂದಿದೆ. ನೆರೆಯವರನ್ನು ಒಪ್ಪುವ ಅಥವಾ ತಿರಸ್ಕರಿಸುವ ಅವಕಾಶ ಅಮೆರಿಕದ ಮತದಾರನಿಗೆ ಟಿಕೆಟ್ ನಿರ್ಧಾರವಾಗುವ ಮೊದಲೇ ದೊರೆಯುತ್ತದೆ. ನಮಗೆ ದೊರೆಯುವುದು ಅನಂತರ. ಪುತ್ತೂರಿನಲ್ಲಿ 2023ರಲ್ಲಿ ನಡೆದುದನ್ನು ನೆನೆಯಿರಿ. ಬಿಜೆಪಿಯು ಹಾಲಿ ಶಾಸಕರನ್ನು ಬಿಟ್ಟು ಆಶಾ ತಿಮ್ಮಪ್ಪ ಅವರಿಗೆ ಟಿಕೆಟ್ ನೀಡಿತು. ಅರುಣ್ ಕುಮಾರ್ ಪುತ್ತಿಲರು ಪಕ್ಷೇತರರಾಗಿ ನಿಂತರು. ಪುತ್ತಿಲರಿಗೆ 62,458 ಮತಗಳು, ಪಕ್ಷದ ಅಧಿಕೃತ ಅಭ್ಯರ್ಥಿಗೆ 37,558. ಕಾಂಗ್ರೆಸಿನ ಅಶೋಕ್ ಕುಮಾರ್ ರೈಯವರು 66,607 ಮತ ಪಡೆದು ಗೆದ್ದರು. ಪಕ್ಷದೊಳಗೆ ಮೊದಲೇ ಕೇಳಬೇಕಿದ್ದ ಪ್ರಶ್ನೆಗೆ ಜನರು ಮತಪೆಟ್ಟಿಗೆಯಲ್ಲಿ ಉತ್ತರಿಸಿದರು. ಇದು ಯಾವುದೇ ಒಂದು ಪಕ್ಷಕ್ಕೆ ಸೀಮಿತವಾದ ಪಾಠವಲ್ಲ.

ಆದುದರಿಂದ ಮುಂದಿನ ಬಾರಿ ಅಭ್ಯರ್ಥಿಯೊಬ್ಬರು ನಮ್ಮ ಅಂಗಳಕ್ಕೆ ಬಂದಾಗ ಊರು ಯಾವುದೆಂದು ಅಗತ್ಯವಾಗಿ ಕೇಳೋಣ. ಅದರೊಂದಿಗೆ, ಮತ ಕೇಳುವ ಮೊದಲು ಈ ದಾರಿಯಲ್ಲಿ ಎಷ್ಟು ಸಲ ನಡೆದಿದ್ದೀರಿ ಎಂದೂ ಕೇಳೋಣ. ನೆರೆಯವರೆನಿಸುವುದು ಮನೆಯ ವಿಳಾಸದಿಂದಲ್ಲ, ಒಡನಾಟದಿಂದ.