ಡುವಾರ್ಟೆ ಎಂಬ ಸಣ್ಣ ಊರಿನ ಸೇವಾಸಂಸ್ಥೆ

ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಕಲ್ಲುಬೆಂಚುಗಳ ಮೇಲೆ, ಶಾಲೆಯ ಕುಡಿಯುವ ನೀರಿನ ತೊಟ್ಟಿಯ ಮೇಲೆ, ಊರ ಮುಂದಿನ ಸ್ವಾಗತ ಫಲಕದ ಮೇಲೆ ಹಲ್ಲುಚಕ್ರದ ಚಿಹ್ನೆಯೊಂದನ್ನು ಓದುಗರು ಕಂಡೇ ಇರುತ್ತಾರೆ. ಅದು ರೋಟರಿ ಸಂಸ್ಥೆಯ ಲಾಂಛನ. 1905ನೆಯ ಇಸವಿ ಫೆಬ್ರವರಿ 23ರಂದು ಅಮೆರಿಕದ ಷಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ನ್ಯಾಯವಾದಿಯು ಮೂವರು ಮಿತ್ರರನ್ನು ಕೂಡಿಸಿಕೊಂಡು ಇದನ್ನು ಆರಂಭಿಸಿದರು. ಸಣ್ಣ ಊರಿನಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದ ಹ್ಯಾರಿಸ್ ಅವರಿಗೆ ಆ ಮಹಾನಗರದಲ್ಲಿ ನೆರೆಹೊರೆಯ ಆತ್ಮೀಯತೆ ದೊರೆಯದೆ ಒಂಟಿತನ ಕಾಡಿತ್ತು. ಒಬ್ಬರ ಕಚೇರಿಯಲ್ಲಿ ಒಮ್ಮೆ, ಇನ್ನೊಬ್ಬರ ಕಚೇರಿಯಲ್ಲಿ ಮತ್ತೊಮ್ಮೆ, ಹೀಗೆ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ‘ರೋಟರಿ’ ಎಂಬ ಹೆಸರು ನಿಂತಿತು. ಮೊದಲು ಕೇವಲ ಸ್ನೇಹಕೂಟವಾಗಿದ್ದುದು ಸೇವಾಕಾರ್ಯಕ್ಕೆ ಇಳಿದಾಗ ಕೈಗೆತ್ತಿಕೊಂಡ ಆರಂಭದ ಕೆಲಸವೆಂದರೆ ಷಿಕಾಗೊ ನಗರಕ್ಕೊಂದು ಸಾರ್ವಜನಿಕ ಶೌಚಾಲಯ ಬೇಕೆಂದು ಪ್ರಯತ್ನಿಸಿದ್ದು. ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಆರಂಭವೇ ಸರಿ.

ಇಂಥ ವಿಶ್ವವ್ಯಾಪಿ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೇಂದ್ರ ಕಚೇರಿಯಿಂದ, ಅಧ್ಯಕ್ಷರ ಭಾವಚಿತ್ರಗಳಿಂದ ಪ್ರಾರಂಭಿಸುತ್ತಾರೆ. ಆದರೆ ರೋಟರಿಯ ಇತಿಹಾಸದ ಒಂದು ಮುಖ್ಯ ಅಧ್ಯಾಯವನ್ನು ಬರೆದವರು ಕೇಂದ್ರ ಕಚೇರಿಯವರಲ್ಲ. ಆ ಕಚೇರಿಯಿಂದ ಹೊರದೂಡಲ್ಪಟ್ಟ ಒಂದು ಸಣ್ಣ ಊರಿನ ಸದಸ್ಯರು.

ಆ ಊರಿನ ಹೆಸರು ಡುವಾರ್ಟೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಲಾಸ್ ಏಂಜಲೀಸ್ ನಗರಕ್ಕೆ ಅನತಿದೂರದಲ್ಲಿ, ಸ್ಯಾನ್ ಗೇಬ್ರಿಯಲ್ ಪರ್ವತಗಳ ತಪ್ಪಲಿನಲ್ಲಿದೆ. ಈ ಪ್ರದೇಶವು ಮೆಕ್ಸಿಕೊ ದೇಶದ ಆಳ್ವಿಕೆಯಲ್ಲಿದ್ದ ಕಾಲಕ್ಕೆ, 1841ರಲ್ಲಿ, ಇಲ್ಲಿ ಭೂಮಿಯನ್ನು ಉಂಬಳಿಯಾಗಿ ಪಡೆದ ಆಂದ್ರೆಸ್ ಡುವಾರ್ಟೆ ಎಂಬುವರ ಹೆಸರೇ ಊರಿಗೆ ಬಂದಿದೆ. ಮುಂದೆ ಇದು ಕಿತ್ತಳೆ ತೋಟಗಳ ಊರಾಯಿತು. 1913ರಲ್ಲಿ ಕ್ಷಯರೋಗಿಗಳಿಗಾಗಿ ಡೇರೆಗಳಲ್ಲಿ ತೊಡಗಿದ ಆರೋಗ್ಯಧಾಮವೊಂದು ಬೆಳೆದು ‘ಸಿಟಿ ಆಫ್ ಹೋಪ್’ ಎಂಬ ಹೆಸರಾಂತ ಕ್ಯಾನ್ಸರ್ ಆಸ್ಪತ್ರೆಯಾಗಿರುವುದೂ ಇಲ್ಲಿಯೇ. ಜನಸಂಖ್ಯೆ ಸುಮಾರು ಇಪ್ಪತ್ತು ಸಾವಿರ, ಅಂದರೆ ನಮ್ಮ ಕಡೆಯ ಒಂದು ಪುರಸಭೆಯಷ್ಟು.

ಈ ಊರಿನಲ್ಲಿ 1952ರಲ್ಲಿ ರೋಟರಿ ಸಂಸ್ಥೆ ಸ್ಥಾಪನೆಯಾಯಿತು. ಕಾಲು ಶತಮಾನ ನಡೆದ ಮೇಲೆ ಅದಕ್ಕೊದಗಿದ ಸಂಕಟವು ಸಣ್ಣ ಊರಿನ ಯಾವುದೇ ಸಂಘವನ್ನು ನಡೆಸಿದವರಿಗೆ ಪರಿಚಿತವಾದುದೇ. ಸದಸ್ಯರು ಕಡಿಮೆಯಾಗತೊಡಗಿದರು. ಇದ್ದವರಲ್ಲಿ ಕೆಲವರು ವರ್ಗವಾಗಿ ಹೋಗುತ್ತಾರೆ, ಕೆಲವರಿಗೆ ವಯಸ್ಸಾಗುತ್ತದೆ, ಹೊಸಬರು ಬರುವುದಿಲ್ಲ. ಕೊನೆಗೆ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಮಾತ್ರ ಉಳಿದು, ಕುರ್ಚಿ ಹಾಕುವವರೂ ಅವರೇ, ಭಾಷಣ ಕೇಳುವವರೂ ಅವರೇ ಎಂಬಂತಾಗುತ್ತದೆ. ಉದ್ಯೋಗ, ವ್ಯವಹಾರಗಳಲ್ಲಿ ಮುಂದಾಳುಗಳಾದವರನ್ನು ಸದಸ್ಯರಾಗಿ ಆರಿಸುವುದು ರೋಟರಿಯ ಪದ್ಧತಿ. ಡುವಾರ್ಟೆಯಲ್ಲಿ ಅಂಥ ಅರ್ಹರಿಗೆ ಕೊರತೆಯಿರಲಿಲ್ಲ. ಆದರೆ ಆ ಅರ್ಹರಲ್ಲಿ ಹಲವರು ಮಹಿಳೆಯರು. ರೋಟರಿಯ ಸಂವಿಧಾನದ ಪ್ರಕಾರ ಸದಸ್ಯತ್ವವು ಪುರುಷರಿಗೆ ಮಾತ್ರ ಮೀಸಲು.

1977ರಲ್ಲಿ ಡುವಾರ್ಟೆಯ ಸದಸ್ಯರು ಡಾನ್ನಾ ಬೋಗಾರ್ಟ್, ಮೇರಿ ಲೂ ಎಲಿಯಟ್, ರೋಸ್‌ಮೇರಿ ಫ್ರೈಟಾಗ್ ಎಂಬ ಮೂವರು ಮಹಿಳೆಯರನ್ನು ಪೂರ್ಣ ಸದಸ್ಯರನ್ನಾಗಿ ಸೇರಿಸಿಕೊಂಡರು. ಇದನ್ನು ಸ್ತ್ರೀಸ್ವಾತಂತ್ರ್ಯದ ಘೋಷಣೆಯೆಂದು ಮೊದಲೇ ಯೋಜಿಸಿ ಮಾಡಿದ್ದರೆಂದು ಭಾವಿಸಬೇಕಾಗಿಲ್ಲ. ನ್ಯಾಯಾಲಯದ ದಾಖಲೆಯಲ್ಲಿಯೂ ಸದಸ್ಯಬಲ ಕುಗ್ಗುತ್ತಿರುವ ಚಿಂತೆಯೇ ಕಾರಣವೆಂದು ಬರೆಯಲಾಗಿದೆ. ನನಗಂತೂ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಅಂಶ ಇದೇ. ಮಾಡಬೇಕಾದ ಕೆಲಸವಿದೆ, ಮಾಡುವ ಕೈಗಳೂ ಊರಿನಲ್ಲಿಯೇ ಇವೆ, ನಡುವೆ ಒಂದು ನಿಯಮ ಅಡ್ಡ ನಿಂತಿದೆ. ಅವರು ಕೈಗಳನ್ನು ಆರಿಸಿಕೊಂಡರು.

ರೋಟರಿಯ ಕೇಂದ್ರ ಮಂಡಳಿ ಇದನ್ನು ಸಹಿಸಲಿಲ್ಲ. ಸಂವಿಧಾನಕ್ಕೆ ವಿರುದ್ಧವಾದ ಕ್ರಮವೆಂದು ಸೂಚನೆ ನೀಡಿ, ವಿಚಾರಣೆ ನಡೆಸಿ, 1978ರಲ್ಲಿ ಡುವಾರ್ಟೆ ಸಂಸ್ಥೆಯ ಮಾನ್ಯತೆಯನ್ನು ರದ್ದುಗೊಳಿಸಿತು. ಅದೇ ವರ್ಷ ಟೋಕಿಯೊದಲ್ಲಿ ಜರುಗಿದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಸಲ್ಲಿಸಿದ ಮೇಲ್ಮನವಿಯೂ ಬಿದ್ದುಹೋಯಿತು. ಇಷ್ಟಾದ ಮೇಲೆ ಸಂಸ್ಥೆಯನ್ನು ಮುಚ್ಚಿಬಿಡುವುದೇ ಲೋಕರೂಢಿ. ಡುವಾರ್ಟೆಯವರು ಹಾಗೆ ಮಾಡಲಿಲ್ಲ. ‘ಡುವಾರ್ಟೆಯ ಮಾಜಿ ರೋಟರಿ ಸಂಸ್ಥೆ’ ಎಂದು ತಮ್ಮನ್ನು ತಾವೇ ಕರೆದುಕೊಂಡು, ಅಂಗಿಯ ಮೇಲೆ ಧರಿಸುವ ರೋಟರಿ ಬಿಲ್ಲೆಗೆ ಅಡ್ಡಲಾಗಿ ಕತ್ತರಿ ಗುರುತು ಹಾಕಿಕೊಂಡು, ಎಂದಿನಂತೆ ಸಭೆ ಸೇರಿದರು. ಎಂದಿನಂತೆ ಊರಿನ ಕೆಲಸವನ್ನೂ ಮಾಡಿದರು. ಹಾಸ್ಯಪ್ರಜ್ಞೆಯಿಲ್ಲದವರು ಇಷ್ಟು ದೀರ್ಘಕಾಲದ ಹೋರಾಟವನ್ನು ನಡೆಸಲಾರರೆಂದು ನನ್ನ ಅಭಿಪ್ರಾಯ.

ಇತ್ತ ನ್ಯಾಯಾಲಯದಲ್ಲಿ ಮೊಕದ್ದಮೆಯೂ ಆರಂಭವಾಯಿತು. ಸಂಸ್ಥೆಯೊಡನೆ ಇಬ್ಬರು ಸದಸ್ಯೆಯರು ವಾದಿಗಳಾದರು. ವ್ಯಾಪಾರ ವಹಿವಾಟಿನ ಸಂಸ್ಥೆಗಳು ಸ್ತ್ರೀಪುರುಷ ಭೇದವಿಲ್ಲದೆ ಎಲ್ಲರಿಗೂ ಸಮಾನ ಸೌಲಭ್ಯ ನೀಡತಕ್ಕದ್ದೆಂದು ಕ್ಯಾಲಿಫೋರ್ನಿಯಾದ ‘ಅನ್‌ರೂ’ ನಾಗರಿಕ ಹಕ್ಕುಗಳ ಕಾಯಿದೆಯು ವಿಧಿಸುತ್ತದೆ. ರೋಟರಿಯು ವ್ಯಾಪಾರಿ ಸಂಸ್ಥೆಯೇ, ಸೇವಾಸಂಸ್ಥೆಯೇ ಎಂಬ ಪ್ರಶ್ನೆ ಎದ್ದಿತು. ಸದಸ್ಯರಿಗೆ ಅಲ್ಲಿ ದೊರೆಯುವ ವ್ಯವಹಾರದ ಲಾಭ ಕೇವಲ ಪ್ರಾಸಂಗಿಕವೆಂದು ಬಗೆದ ವಿಚಾರಣಾ ನ್ಯಾಯಾಲಯವು 1983ರಲ್ಲಿ ಕೇಂದ್ರ ಸಂಸ್ಥೆಯ ಪರವಾಗಿ ತೀರ್ಪು ನೀಡಿತು. 1986ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಡುವಾರ್ಟೆ ಸಂಸ್ಥೆಗೆ ಮಾನ್ಯತೆಯನ್ನು ಮರಳಿಸಬೇಕೆಂದು ಆಜ್ಞೆ ಮಾಡಿತು. ಆಗ ಕೇಂದ್ರ ಸಂಸ್ಥೆಯೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು.

ಕೇಂದ್ರ ಸಂಸ್ಥೆ ಮುಂದಿಟ್ಟ ವಾದವನ್ನು ನಾವು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಪುರುಷರೇ ಕೂಡುವುದರಿಂದ ಉಂಟಾಗುವ ಒಂದು ಬಗೆಯ ಬಾಂಧವ್ಯ ಕೆಡುತ್ತದೆಂಬುದು ಒಂದು. ಎರಡನೆಯದು, ನಾನಾ ಸಂಸ್ಕೃತಿ, ನಾನಾ ರೂಢಿಗಳುಳ್ಳ ಪರದೇಶಗಳಲ್ಲಿ ಸಂಸ್ಥೆಯು ಸುಗಮವಾಗಿ ಕೆಲಸ ಮಾಡಬೇಕಾದರೆ ಪುರುಷರಿಗಷ್ಟೇ ಸದಸ್ಯತ್ವವಿರುವುದು ಅನುಕೂಲವೆಂಬುದು. ಅಂದರೆ ಅಮೆರಿಕದ ಹೊರಗಿನ ಜನ ಇದನ್ನು ಒಪ್ಪಲಾರರು ಎಂಬ ಊಹೆ. ಆದರೆ ರೋಟರಿಯದೇ ಇತಿಹಾಸ ಹೇಳುವುದು ಬೇರೆ. ಸಂವಿಧಾನದಿಂದ ‘ಪುರುಷ’ ಎಂಬ ಪದವನ್ನು ತೆಗೆದುಹಾಕಬೇಕೆಂಬ ಸೂಚನೆಯೊಂದು 1950ರಷ್ಟು ಹಿಂದೆಯೇ ಬಂದಿತ್ತು. ಬಂದದ್ದು ಭಾರತದ ಒಂದು ರೋಟರಿ ಸಂಸ್ಥೆಯಿಂದ! ಗಣರಾಜ್ಯವಾಗಿ ನಮ್ಮ ಸಂವಿಧಾನ ಜಾರಿಗೆ ಬಂದ ವರ್ಷವೇ ಅದು. 1964ರಲ್ಲಿ ಅಂಥದೇ ಸೂಚನೆ ಬಂದದ್ದು ಸಿಂಹಳದಿಂದ; ಅದನ್ನು ಹಿಂತೆಗೆದುಕೊಳ್ಳುವಂತೆ ಪ್ರತಿನಿಧಿಗಳು ಮತ ಹಾಕಿದರು. ಯಾವ ಪರದೇಶಗಳ ಹೆಸರು ಹೇಳಿ ಬಾಗಿಲು ಭದ್ರಪಡಿಸಲಾಯಿತೋ ಆ ಪರದೇಶಗಳೇ ಮೊದಲು ಬಾಗಿಲು ತಟ್ಟಿದ್ದವು. ನಮ್ಮ ಪರವಾಗಿ ನಾಚಿಕೊಳ್ಳುವ ಕೆಲಸವನ್ನು ಇತರರು ವಹಿಸಿಕೊಂಡಾಗ ಇಂಥ ವಿಪರ್ಯಾಸಗಳು ಆಗುತ್ತವೆ.

ಹಾಗೆಂದು ಅದುವರೆಗೆ ರೋಟರಿಯಲ್ಲಿ ಮಹಿಳೆಯರ ದುಡಿಮೆ ಇರಲಿಲ್ಲವೆಂದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1924ರ ಜನವರಿ 10ರಂದು ಮಾರ್ಗರೆಟ್ ಗೋಲ್ಡಿಂಗ್ ಎಂಬ ಮಹಿಳೆ ರೋಟರಿ ಸದಸ್ಯರ ಪತ್ನಿಯರನ್ನು ಸೇರಿಸಿ ಆರಂಭಿಸಿದ ‘ಇನ್ನರ್ ವ್ಹೀಲ್’ ಸಂಘಟನೆ ನಮ್ಮ ಕರ್ನಾಟಕದ ಊರುಗಳಲ್ಲಿಯೂ ಸುಪರಿಚಿತವಾಗಿದೆ. ಅವರ ಸೇವೆಯನ್ನು ಕಡಿಮೆಯೆಂದು ಎಣಿಸುವ ಮಾತೇ ಇಲ್ಲ. ಆದರೆ ಪತ್ನಿ ಎಂಬ ಕಾರಣಕ್ಕೆ ದೊರೆಯುವ ಸ್ಥಾನವೇ ಬೇರೆ, ಶಿಕ್ಷಕಿ, ವೈದ್ಯೆ, ಅಂಗಡಿಯ ಒಡತಿ ಎಂಬ ಕಾರಣಕ್ಕೆ ದೊರೆಯುವ ಸ್ಥಾನವೇ ಬೇರೆ. ಸಭೆಗೆ ಬರಬಹುದು, ಭಾಷಣ ಮಾಡಬಹುದು, ಪ್ರಶಸ್ತಿಯನ್ನೂ ಪಡೆಯಬಹುದು. ಮತ ಮಾತ್ರ ಹಾಕುವಂತಿಲ್ಲ ಎಂಬುದು ಆಗಿನ ವ್ಯವಸ್ಥೆಯಾಗಿತ್ತು.

1987ರ ಮೇ 4ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊರಬಿದ್ದಿತು. ಪಾಲ್ಗೊಂಡ ಏಳು ನ್ಯಾಯಮೂರ್ತಿಗಳೂ ಡುವಾರ್ಟೆಯ ಪರವಾಗಿದ್ದರು. (ಇಬ್ಬರು ಭಾಗವಹಿಸಲಿಲ್ಲ, ಅವರಲ್ಲಿ ಒಬ್ಬರು ಆ ನ್ಯಾಯಾಲಯದ ಪ್ರಥಮ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಒಕಾನರ್ ಎಂಬುದು ಕುತೂಹಲದ ಸಂಗತಿ.) ತೀರ್ಪನ್ನು ಬರೆದ ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಅವರ ವಿಚಾರಸರಣಿ ಸರಳವಾದುದು. ಮನೆತನ, ದಾಂಪತ್ಯಗಳಂಥ ಆಪ್ತ ಸಂಬಂಧಗಳಿಗೆ ಸಂವಿಧಾನದ ರಕ್ಷಣೆಯಿದೆ. ಆದರೆ ಇಪ್ಪತ್ತಕ್ಕಿಂತ ಕಡಿಮೆ ಸದಸ್ಯರಿಂದ ಹಿಡಿದು ಒಂಬೈನೂರಕ್ಕೂ ಮೇಲ್ಪಟ್ಟ ಸದಸ್ಯರಿರುವ, ಅತಿಥಿ ಅಭ್ಯಾಗತರನ್ನು ಸಭೆಗೆ ಕರೆಯುವ, ವರ್ಷವರ್ಷವೂ ಹೊಸಬರನ್ನು ಹುಡುಕುವ ಸಂಸ್ಥೆಯು ಅಂಥ ಆಪ್ತಕೂಟವಾಗಲಾರದು. ಮಹಿಳೆಯರು ಸೇರಿದರೆ ಅದರ ಸೇವಾಕಾರ್ಯಕ್ಕೆ ಕುಂದೂ ಬಾರದು. ಹಾಗೆ ನೋಡಿದರೆ, ಊರಿನ ಸಮಸ್ತರ ಪ್ರತಿನಿಧಿಯೆನಿಸುವುದು ರೋಟರಿಯೇ ಇಟ್ಟುಕೊಂಡಿದ್ದ ಗುರಿ.

ಅದೇ 1987ರ ಜುಲೈನಲ್ಲಿ ಡುವಾರ್ಟೆ ಸಂಸ್ಥೆಗೆ ಸಿಲ್ವಿಯಾ ವಿಟ್ಲಾಕ್ ಎಂಬ ಶಾಲಾ ಮುಖ್ಯೋಪಾಧ್ಯಾಯಿನಿ ಅಧ್ಯಕ್ಷೆಯಾದರು. ಇಡೀ ವಿಶ್ವದಲ್ಲಿ ರೋಟರಿ ಸಂಸ್ಥೆಯೊಂದರ ಅಧ್ಯಕ್ಷಪದವಿಯನ್ನು ಅಲಂಕರಿಸಿದ ಮೊದಲ ಮಹಿಳೆ ಅವರು. ತೀರ್ಪು ಅನ್ವಯಿಸುತ್ತಿದ್ದುದು ಅಮೆರಿಕಕ್ಕೆ ಮಾತ್ರ. ಆದರೆ ಒಂದು ದೇಶದಲ್ಲಿ ಒಂದು ನಿಯಮ, ಉಳಿದೆಡೆ ಇನ್ನೊಂದು ನಿಯಮ ಎಂದು ನಡೆಯುವುದು ಬಹುಕಾಲ ಸಾಧ್ಯವಿರಲಿಲ್ಲ. 1989ರ ಜನವರಿಯಲ್ಲಿ ಸಿಂಗಪುರದಲ್ಲಿ ಸೇರಿದ ರೋಟರಿಯ ಶಾಸನ ಪರಿಷತ್ತು ಪುರುಷರಿಗಷ್ಟೇ ಸದಸ್ಯತ್ವವೆಂಬ ನಿಬಂಧನೆಯನ್ನು ಕಿತ್ತುಹಾಕಿತು. ನಮ್ಮ ಊರುಗಳ ರೋಟರಿ ಸಂಸ್ಥೆಗಳಿಗೆ ಮಹಿಳೆಯರು ಸ್ವಂತ ಹೆಸರಿನಲ್ಲಿ, ಸ್ವಂತ ಉದ್ಯೋಗದ ಬಲದ ಮೇಲೆ ಸೇರುವ ಮಾರ್ಗ ತೆರೆದದ್ದು ಆಗಲೇ. 1990ರ ಜೂನ್ ವೇಳೆಗೆ ವಿಶ್ವದಾದ್ಯಂತ ಸುಮಾರು 20,200 ಮಹಿಳೆಯರು ರೋಟರಿ ಸದಸ್ಯರಾಗಿದ್ದರು.

ಅಂತರರಾಷ್ಟ್ರೀಯ ಅಧ್ಯಕ್ಷಪೀಠಕ್ಕೆ ಮಹಿಳೆಯೊಬ್ಬರು ಬರುವುದಕ್ಕೆ ಇನ್ನೂ ಮೂರು ದಶಕಗಳು ಬೇಕಾದವು. ಕೆನಡಾ ದೇಶದ ವಿಂಡ್ಸರ್ ನಗರದ ಜೆನಿಫರ್ ಜೋನ್ಸ್ ಅವರು 2022ರ ಜುಲೈನಲ್ಲಿ ಆ ಸ್ಥಾನವನ್ನು ವಹಿಸಿಕೊಂಡರು. ಅಷ್ಟು ಹೊತ್ತಿಗೆ ಷಿಕಾಗೊದ ಆ ಮೊದಲ ಸಭೆ ನಡೆದು 117 ವರ್ಷಗಳಾಗಿದ್ದವು. ಡುವಾರ್ಟೆಯವರು ತಮ್ಮ ಮೂವರು ಸದಸ್ಯೆಯರ ಹೆಸರನ್ನು ಪಟ್ಟಿಗೆ ಸೇರಿಸಿ 45.