ಮೈಸೂರಿಗೆ ಒಂಟಿಯಾಗಿ ಹೊರಟವರು

ಅನಿವಾಸಿ ಕನ್ನಡಿಗರ ಸಮ್ಮೇಳನಗಳಲ್ಲಿ ನಾಡಿನ ಕೀರ್ತಿಯನ್ನು ಎಣಿಸುವಾಗ ಗಂಧ, ರೇಷ್ಮೆ, ಹೊಯ್ಸಳ ಶಿಲ್ಪ, ಜ್ಞಾನಪೀಠಗಳ ಸಾಲಿನಲ್ಲಿ ಯೋಗವೂ ಬಂದು ನಿಲ್ಲುವುದು ಈಗ ವಾಡಿಕೆಯಾಗಿದೆ. ಅದರಲ್ಲಿ ಅತಿಶಯೋಕ್ತಿಯೇನೂ ಇಲ್ಲ. ಇಂದು ಜಗತ್ತಿನ ನಗರಗಳಲ್ಲಿ ಕಲಿಸಲಾಗುತ್ತಿರುವ ಆಸನಾಭ್ಯಾಸದ ಎರಡು ಪ್ರಮುಖ ಧಾರೆಗಳ ಮೂಲವನ್ನು ಹುಡುಕಿದರೆ 1930ರ ದಶಕದ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಗೇ ಬಂದು ಮುಟ್ಟುತ್ತೇವೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದವರು, ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಪಟ್ಟಾಭಿ ಜೋಯಿಸರು ಹಾಸನದ ಬಳಿಯ ಕೌಶಿಕದವರು. ಇಷ್ಟನ್ನು ನಮ್ಮ ಭಾಷಣಕಾರರು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ, ಮುಂದಿನ ನೃತ್ಯರೂಪಕಕ್ಕೆ ಪರದೆ ಏಳುತ್ತದೆ. ಆ ಚಪ್ಪಾಳೆಯ ಆಚೆಗೂ ನಮಗೊಂದು ಹೊಣೆಯಿದೆ ಎಂಬುದು ನನ್ನ ವಾದ.

ನಾನಿರುವುದು ಸಾಲ್ಫರ್ಡ್‌ನ ಮೀಡಿಯಾಸಿಟಿಯಲ್ಲಿ. 1894ರಲ್ಲಿ ತೆರೆದ ಮ್ಯಾಂಚೆಸ್ಟರ್ ಹಡಗು ಕಾಲುವೆಯ ಕೊನೆಗೆ ಇಲ್ಲಿ ದೊಡ್ಡ ಹಡಗುಕಟ್ಟೆಗಳಿದ್ದವು. ಅವು 1982ರಲ್ಲಿ ಮುಚ್ಚಿದವು. 2011ರಲ್ಲಿ ಬಿಬಿಸಿಯ ವಿಭಾಗಗಳು ಬಂದು ನೆಲೆಸಿದ ಮೇಲೆ ಕಟ್ಟೆಯ ಸುತ್ತ ಗಾಜಿನ ಗೋಪುರಗಳೆದ್ದವು. ಇಲ್ಲಿನ ಫ್ಲ್ಯಾಟುಗಳಲ್ಲಿ ಒಂಟಿಯಾಗಿ ಬದುಕುವ ತರುಣ ತರುಣಿಯರು ಬಹಳ. ಅವರಲ್ಲಿ ಕೆಲವರು ಬೆಳಗಿನ ಆರು ಗಂಟೆಗೇ ಚಾಪೆ ಸುತ್ತಿಕೊಂಡು ನಗರದೊಳಗಿನ ‘ಮೈಸೂರು ಶೈಲಿ’ಯ ತರಗತಿಗೆ ಟ್ರಾಮ್ ಹಿಡಿಯುತ್ತಾರೆ. ಗುರು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳದೆ, ಪ್ರತಿಯೊಬ್ಬರೂ ತಮ್ಮ ಉಸಿರಿನ ಲಯದಲ್ಲಿ ತಾವೇ ಅಭ್ಯಾಸ ಮಾಡುತ್ತಿರುವಾಗ ನಡುನಡುವೆ ಬಂದು ತಿದ್ದುವ ಪದ್ಧತಿಗೆ ಆ ಹೆಸರು. (ನಮ್ಮ ಊರು 2014ರಿಂದ ಇಂಗ್ಲಿಷಿನಲ್ಲೂ ಅಧಿಕೃತವಾಗಿ ಮೈಸೂರು ಆಯಿತು, ಇವರ ಫಲಕಗಳಲ್ಲಿ ಮಾತ್ರ ಅದು ಇನ್ನೂ ಮೈಸೋರ್.) ಹೀಗೆ ಒಂದೆರಡು ವರ್ಷ ಕಲಿತವರು ರಜೆ ಕೂಡಿಟ್ಟುಕೊಂಡು, ಶಿಕ್ಷಕ ತರಬೇತಿಗೆಂದು ಒಬ್ಬರೇ ವಿಮಾನ ಏರಿಬಿಡುತ್ತಾರೆ. ನಾನು ಮೈಸೂರಿನ ಕಡೆಯವಳೆಂದು ತಿಳಿದೊಡನೆ ಅವರ ಪ್ರಶ್ನೆಗಳು ಶುರುವಾಗುತ್ತವೆ: ಗೋಕುಲಂ ಎಲ್ಲಿದೆ, ಊಟ ಹೇಗೆ, ಒಬ್ಬಳೇ ಹೋದರೆ ಏನೂ ತೊಂದರೆಯಿಲ್ಲವೇ?

ಈ ಒಂಟಿ ಯಾತ್ರೆ ಹೊಸದೇನಲ್ಲ. ರೀಗಾದಲ್ಲಿ ಹುಟ್ಟಿದ ಇಂದ್ರಾದೇವಿ 1930ರ ದಶಕದ ಕೊನೆಯಲ್ಲಿ ಮೈಸೂರಿನ ಯೋಗಶಾಲೆಯ ಬಾಗಿಲಲ್ಲಿ ನಿಂತಾಗ ಕೃಷ್ಣಮಾಚಾರ್ಯರು ಒಪ್ಪಲಿಲ್ಲ. ಆಕೆ ಹೆಂಗಸು, ಅದರ ಮೇಲೆ ಪರದೇಶದವಳು. ಅರಸರ ಮಾತಿಗೆ ಕಟ್ಟುಬಿದ್ದು ಸೇರಿಸಿಕೊಂಡರಾದರೂ ಆಹಾರ, ನಿದ್ರೆ, ದಿನಚರಿಗಳಲ್ಲಿ ಕಠಿಣ ನಿಯಮಗಳನ್ನೇ ವಿಧಿಸಿದರು. ಆಕೆ ಅವೆಲ್ಲವನ್ನೂ ಪಾಲಿಸಿದಳು. ಕೊನೆಗೆ ನೀನೇ ಇತರರಿಗೆ ಕಲಿಸಬೇಕೆಂದು ಹೇಳಿ ಕಳುಹಿಸಿದವರೂ ಅದೇ ಗುರುಗಳು. 1940ರ ದಶಕದ ಕೊನೆಯಲ್ಲಿ ಆಕೆ ಹಾಲಿವುಡ್‌ನಲ್ಲಿ ಯೋಗಶಾಲೆ ತೆರೆದಳು. ಆಕೆ ಮೈಸೂರಿಗೆ ಬಂದ ಕಾಲದಲ್ಲೇ ಎದುರು ದಿಕ್ಕಿನಲ್ಲಿ ಹೊರಟವರು ಅಯ್ಯಂಗಾರರು: 1937ರಲ್ಲಿ, ಹದಿನೆಂಟರ ಹರೆಯದಲ್ಲಿ, ಬಾಲ್ಯದ ಕಾಯಿಲೆಗಳಿಂದ ಸೊರಗಿದ ಮೈಯಲ್ಲಿ, ಮರಾಠಿಯ ಗಂಧವಿಲ್ಲದೆ ಪುಣೆಗೆ ಹೋದರು. ಆರು ತಿಂಗಳಿಗೆಂದು ಹೋದವರಿಗೆ ಪುಣೆಯೇ ಜೀವನಪರ್ಯಂತದ ಊರಾಯಿತು. 1954ರಲ್ಲಿ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್‌ರ ಕರೆಯ ಮೇರೆಗೆ ಯುರೋಪಿಗೆ ಬಂದ ಅವರ ಶಿಕ್ಷಣ ಕ್ರಮೇಣ ಬ್ರಿಟನ್ನಿನ ಉತ್ತರಕ್ಕೂ ಹಬ್ಬಿತು. ಮ್ಯಾಂಚೆಸ್ಟರ್‌ನ ಪೂರ್ವಕ್ಕಿರುವ ಡುಕಿನ್‌ಫೀಲ್ಡ್‌ನಲ್ಲಿ ಅವರ ಪದ್ಧತಿಯದೇ ಒಂದು ಸಂಸ್ಥೆಯಿದೆ. ಬರ್ಮಿಂಗ್‌ಹ್ಯಾಮ್ ಕಡೆ ವಿಲ್‌ಫ್ರೆಡ್ ಕ್ಲಾರ್ಕ್ ಎಂಬ ಪತ್ರಕರ್ತರು 1965ರಲ್ಲಿ ಕಟ್ಟಿದ ಬಳಗವೇ ಇಂದಿನ ಬ್ರಿಟಿಷ್ ವ್ಹೀಲ್ ಆಫ್ ಯೋಗ. ಅಯ್ಯಂಗಾರ್ ಪದ್ಧತಿಯಲ್ಲಿ ಶಿಕ್ಷಕರಾಗಲು ಇಂದಿಗೂ ವರ್ಷಗಟ್ಟಲೆ ಅಭ್ಯಾಸ ಬೇಕು.

ಬೇರೆಡೆಯ ಅಳತೆಯೇ ಬೇರೆ. ಅಮೆರಿಕದ ಯೋಗ ಅಲಯನ್ಸ್ 1999ರಲ್ಲಿ 200 ಗಂಟೆಗಳ ಮಾನವನ್ನು ಗೊತ್ತುಮಾಡಿದ ಮೇಲೆ ಒಂದು ತಿಂಗಳಲ್ಲಿ ಗುರುಗಳನ್ನು ತಯಾರಿಸುವ ಶಿಬಿರಗಳು ಮೈಸೂರು, ಋಷಿಕೇಶ, ಗೋವೆಗಳಲ್ಲಿ ಹುಟ್ಟಿಕೊಂಡವು. ಭಾರತದ ಪ್ರವಾಸಿ ಇ-ವೀಸಾದಲ್ಲೇ ಅಲ್ಪಾವಧಿಯ ಯೋಗ ಶಿಬಿರಕ್ಕೆ ಅನುಮತಿಯಿದೆ. ಬ್ರಿಟನ್ನಿನಲ್ಲಿ ಯೋಗ ಕಲಿಸಲು ಕಾನೂನಿನ ಪರವಾನಗಿಯೇ ಬೇಕಿಲ್ಲ. ಆದುದರಿಂದ ಪ್ರಮಾಣಪತ್ರ ಹಿಡಿದು ಮರಳಿದವರು ಮರುವಾರವೇ ಇತರರ ಬೆನ್ನು ಬಗ್ಗಿಸತೊಡಗುತ್ತಾರೆ. ನನ್ನ ಅಜ್ಜಿ ಅಡುಗೆ ಕಲಿಸಿದ್ದೇ ಇದಕ್ಕಿಂತ ಹೆಚ್ಚು ಕಾಲ!

ಆದರೆ ನನ್ನನ್ನು ಕಾಡುವುದು ಕಲಿಕೆಯ ಈ ಅವಸರವಲ್ಲ. ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡರು. ಅನಂತರದ ವರ್ಷಗಳಲ್ಲಿ ಅವರ ಹಲವು ಶಿಷ್ಯೆಯರು, ಆಸನ ತಿದ್ದುವಾಗ ಅವರು ತಮ್ಮನ್ನು ಅನುಚಿತವಾಗಿ ಮುಟ್ಟುತ್ತಿದ್ದರೆಂದು ತಮ್ಮ ಹೆಸರು ಹೇಳಿಕೊಂಡೇ ಬಹಿರಂಗಪಡಿಸಿದರು. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸರು, ಅಂಥ ತಿದ್ದುವಿಕೆಯನ್ನು ತಾವೂ ಕಂಡದ್ದುಂಟೆಂದು ಒಪ್ಪಿ ಸಾರ್ವಜನಿಕವಾಗಿ ವಿಷಾದಿಸಿದರು. ಶರತ್ ಜೋಯಿಸರೂ 2024ರಲ್ಲಿ ತೀರಿಕೊಂಡಿದ್ದಾರೆ. ದೂರದ ದೇಶದಿಂದ ಒಬ್ಬಳೇ ಬಂದು, ಭಾಷೆ ಬಾರದೆ, ಗುರುವಿನ ಕೈ ಎಲ್ಲಿಯವರೆಗೆ ವಿದ್ಯೆ, ಎಲ್ಲಿಂದಾಚೆಗೆ ಅಪರಾಧ ಎಂದು ಕೇಳಲು ಅಕ್ಕಪಕ್ಕದಲ್ಲಿ ಯಾರೂ ಇಲ್ಲದವಳ ಸ್ಥಿತಿಯನ್ನು ಊಹಿಸಿಕೊಳ್ಳಿ. ‘ಪರಂಪರೆ ಹೀಗೆಯೇ ಇರಬೇಕು’ ಎಂದುಕೊಂಡು ಸುಮ್ಮನಾಗುವುದಕ್ಕೆ ಅವಳಿಗೆ ಎಷ್ಟು ಹೊತ್ತು ಬೇಕು?

ಹಿರಿಯರೊಬ್ಬರು ಇದನ್ನು ಕೇಳಿ, ‘ಮನೆಯ ಮಾತನ್ನು ಬೀದಿಗೆ ತರುವುದೇಕಮ್ಮಾ?’ ಎಂದರು. ಮಾತು ಬೀದಿಗೆ ಬಂದು ವರ್ಷಗಳೇ ಆದವು. ಅದನ್ನು ಕೇಳಿಸಿಕೊಳ್ಳದಿರುವುದು ನಮ್ಮ ಸಭಾಂಗಣಗಳು ಮಾತ್ರ. ಜೋಯಿಸರ ವಿದ್ಯೆ ದೊಡ್ಡದು, ಅದನ್ನು ಅಲ್ಲಗಳೆಯುವವಳು ನಾನಲ್ಲ. ಆದರೆ ಮೈಸೂರನ್ನು ನಮ್ಮದೆಂದು ಕರೆದುಕೊಳ್ಳುವವರು ಮೈಸೂರಿಗೆ ಬಂದು ನೊಂದವರನ್ನೂ ನಮ್ಮ ಮನೆಗೆ ಬಂದ ಅತಿಥಿಗಳೆಂದು ಎಣಿಸಬೇಡವೇ?

ನಮ್ಮ ಬಳಗಗಳು ಮಾಡಬಹುದಾದ ಕೆಲಸ ದುಬಾರಿಯದಲ್ಲ. ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಮೈಸೂರು ಬಲ್ಲ ಕುಟುಂಬಗಳು ಬೇಕಾದಷ್ಟಿವೆ. ಹೊರಡುವವರೊಂದಿಗೆ ಒಂದು ಸಂಜೆ ಕುಳಿತು ಮಾತನಾಡಲು ಅಡ್ಡಿಯೇನು? ಯಾವ ಶಾಲೆಯಲ್ಲಿ ಮುಟ್ಟುವ ಮೊದಲು ಒಪ್ಪಿಗೆ ಕೇಳುತ್ತಾರೆ, ದೂರು ಬಂದರೆ ಆಲಿಸುವವರು ಯಾರು ಎಂಬುದನ್ನು ಹಣ ಕಟ್ಟುವ ಮುನ್ನ ವಿಚಾರಿಸಲು ಅವರಿಗೆ ಹೇಳಬಹುದು. ಊರಿನಲ್ಲಿರುವ ಅಕ್ಕಂದಿರ, ಅತ್ತೆಯರ ದೂರವಾಣಿ ಸಂಖ್ಯೆಯನ್ನು ಅವರನ್ನು ಕೇಳಿ ಕೊಡಬಹುದು. ರಾತ್ರಿ ಹತ್ತಕ್ಕೆ ಕರೆದರೂ ಬರುವ ಒಂದು ಮನೆ ಇದೆಯೆಂಬ ಧೈರ್ಯ ಯಾವ ಪ್ರಮಾಣಪತ್ರದಲ್ಲೂ ಸಿಗದು. ಸಮ್ಮೇಳನದ ಯೋಗ ಪ್ರದರ್ಶನಕ್ಕೆ ಮೀಸಲಿಟ್ಟ ಅರ್ಧ ಗಂಟೆಯಲ್ಲಿ ಹತ್ತು ನಿಮಿಷವನ್ನಾದರೂ ಈ ಚರ್ಚೆಗೆ ಬಿಟ್ಟುಕೊಡಬೇಕೆಂದು ಸಂಚಾಲಕರಲ್ಲಿ ನನ್ನ ವಿನಂತಿ. ನಾನಂತೂ ಕೇಳಿಬಂದವರಿಗೆ ಒಂದಿಷ್ಟು ಕನ್ನಡ ಕಲಿಸಿ ಕಳುಹಿಸುತ್ತೇನೆ. ‘ಬಿಸಿನೀರು ಕೊಡಿ’, ‘ಮೀಟರ್ ಹಾಕಿ’ ಎಂಬುವು ಬೇಗ ಬರುತ್ತವೆ. ‘ಬೇಡ’ ಮತ್ತು ‘ಸಾಕು’ ಎಂಬೆರಡನ್ನು ಮಾತ್ರ ಗಟ್ಟಿಯಾಗಿ ಹೇಳುವವರೆಗೆ ಬಿಡುವುದಿಲ್ಲ.